ಬೇಗೂರಿನಿಂದ ಬಸವನಗುಡಿಗೆ: ಕಾರ್ತಿಕದ ಒಂದು ಸುತ್ತಾಟ

ಗುರುವಾರ – ಬೇಗೂರು, ಮಡಿವಾಳ

ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋದವರು ಮೊದಲು ದೇವರನ್ನು ನೋಡುತ್ತಾರೆ. ನಾನು ಚಪ್ಪಲಿ ಬಿಟ್ಟವಳೇ ಕಲ್ಲನ್ನು ಹುಡುಕಿಕೊಂಡು ಹೋದೆ. ಸುಮಾರು ಕ್ರಿ.ಶ. 890ರ, ಗಂಗರ ಕಾಲದ ಚಿಕ್ಕ ಶಾಸನ ಅದು. 'ಬೆಂಗಳೂರ ಕಾಳಗ'ದಲ್ಲಿ ನಾಗತ್ತರನೆಂಬ ಅಧಿಕಾರಿಯ ಮನೆಯವನೊಬ್ಬ ಸತ್ತನೆಂದು ಹೇಳುತ್ತದೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರೂವರೆ ಶತಮಾನ ಮೊದಲೇ ಬೆಂಗಳೂರೆಂಬ ಹೆಸರಿತ್ತು ಎನ್ನುವುದಕ್ಕೆ ಎಲ್ಲರೂ ತೋರಿಸುವ ಸಾಕ್ಷಿ ಇದೇ. ನನ್ನ ಕಣ್ಣು ನಿಂತದ್ದು ಸತ್ತವನ ಹೆಸರಿನ ಕೊನೆಯಲ್ಲಿ. ಅವನೊಬ್ಬ ಸೆಟ್ಟಿ. ಸೆಟ್ಟಿ ಎಂದ ಮಾತ್ರಕ್ಕೆ ಕೈಯಲ್ಲಿ ತಕ್ಕಡಿ ಹಿಡಿದವನೇ ಆಗಬೇಕಿಲ್ಲ, ಆದರೂ ಈ ಊರಿನ ಹೆಸರು ಮೊದಲ ಸಲ ಕಲ್ಲಿನ ಮೇಲೆ ಮೂಡುವಾಗ ಒಬ್ಬ ಸೆಟ್ಟಿ, ಒಂದು ಯುದ್ಧ ಮತ್ತು ಒಂದು ಶಿವಾಲಯ ಒಂದೇ ಕಡೆ ಸೇರಿರುವುದು ನನಗೆ ಹಿತವೆನಿಸಿತು.

ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಲೇ ನಿವೃತ್ತಳಾದವಳು ನಾನು. ಊರು ಶಿಕಾರಿಪುರ. ಪಠ್ಯಪುಸ್ತಕದ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಅದರಲ್ಲಿ ರಾಜವಂಶಗಳಿಗೆ ಒಂದು ಅಧ್ಯಾಯ, ಧರ್ಮಗಳಿಗೆ ಇನ್ನೊಂದು, 'ವ್ಯಾಪಾರ ಮತ್ತು ವಾಣಿಜ್ಯ'ಕ್ಕೆ ಕೊನೆಯಲ್ಲಿ ಅರ್ಧ ಪುಟ. ಪರೀಕ್ಷೆಯಲ್ಲಿ ಆ ಅರ್ಧ ಪುಟಕ್ಕೆ ಎರಡು ಅಂಕ. ಕಲ್ಲುಗಳ ಮೇಲೆ ಈ ಮೂರನ್ನೂ ಬೇರ್ಪಡಿಸಿ ಕೆತ್ತಿದ್ದನ್ನು ನಾನು ಕಂಡಿಲ್ಲ. ಅಣ್ಣನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. 'ಕಡಲೆಕಾಯಿ ಪರಿಷೆಗೆ ಬನ್ನಿ ಅತ್ತೆ' ಎಂದು ಕರೆದ. ಪರಿಷೆ ಸೋಮವಾರ. ನಾನು ಗುರುವಾರವೇ ಬಂದಿಳಿದೆ.

ಬೇಗೂರಿನ ದೊಡ್ಡ ವೀರಗಲ್ಲು ಇಲ್ಲಿಲ್ಲ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನೊಳಂಬರ ವೀರಮಹೇಂದ್ರನ ವಿರುದ್ಧದ ಕಾಳಗದಲ್ಲಿ ನಾಗತ್ತರ ಆನೆಗಳ ನಡುವೆ ಬಿದ್ದ ಚಿತ್ರ ಅದರಲ್ಲಿದೆ. ಅವನು ಸತ್ತ ಮೇಲೆ ಗಂಗರ ಅರಸ ಎರೆಯಪ್ಪ 'ನಾಗತ್ತರ' ಎಂಬ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ 'ಬೆಂಪೂರು ಹನ್ನೆರಡು', ಅಂದರೆ ಬೇಗೂರು ಸೀಮೆಯ ಹಳ್ಳಿಗಳನ್ನು ಕೊಟ್ಟನೆಂದೂ ಬರೆದಿದೆ. ವೀರಗಲ್ಲೆಂದು ನಾವು ಕೈಮುಗಿಯುವ ಕಲ್ಲು ಅರ್ಧದಷ್ಟು ಜಮೀನಿನ ಪತ್ರ.

ಮಧ್ಯಾಹ್ನ ಮಡಿವಾಳದ ಸೋಮೇಶ್ವರ. ದೇವಸ್ಥಾನದ ಹೊರಗೆ ರಸ್ತೆ ಅಬ್ಬರಿಸುತ್ತಿತ್ತು, ಒಳಗೆ ಗೋಡೆಗಳ ತುಂಬ ತಮಿಳು ಅಕ್ಷರ. 1247ರ ಒಂದು ಶಾಸನ 'ವೆಂಗಳೂರಿನ' ದೊಡ್ಡ ಕೆರೆಯ ಕೆಳಗಿನ ಗದ್ದೆಯನ್ನು ದೇವರಿಗೆ ಬಿಟ್ಟದ್ದನ್ನು ಹೇಳುತ್ತದೆ. ಕೊಟ್ಟವನು ವೇಪ್ಪೂರಿನವನು, ಅಂದರೆ ನಾನು ಬೆಳಿಗ್ಗೆ ನೋಡಿ ಬಂದ ಬೇಗೂರಿನವನು. ಕನ್ನಡ ನೆಲದಲ್ಲಿ ತಮಿಳು ಯಾಕೆ ಎಂದು ಅಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ ಹುಡುಗನೊಬ್ಬ ತಾಯಿಯನ್ನು ಕೇಳಿದ. ಆಕೆ ನನ್ನ ಮುಖ ನೋಡಿದರು. ಮೇಷ್ಟ್ರಿಕೆ ರಕ್ತದಲ್ಲಿರುವಾಗ ಸುಮ್ಮನಿರುವುದು ಹೇಗೆ? 1004ರ ಹೊತ್ತಿಗೆ ಚೋಳರು ತಲಕಾಡನ್ನು ಹಿಡಿದು ಗಂಗರ ಆಳ್ವಿಕೆಯನ್ನು ಮುಗಿಸಿದರು, 1116ರ ಸುಮಾರಿಗೆ ವಿಷ್ಣುವರ್ಧನ ತಲಕಾಡನ್ನು ಗೆದ್ದು ಚೋಳರನ್ನು ಹೊರಗಟ್ಟಿದ. ಸೈನ್ಯ ಹಿಂದಿರುಗಿತು. ಕೆರೆ ಕಟ್ಟಿದವರು, ಪೂಜೆಗೆ ಬಂದವರು, ಲೆಕ್ಕ ಬರೆಯುವವರು ಇಲ್ಲೇ ಉಳಿದರು. ಹೊಯ್ಸಳರ ಅಧಿಕಾರಿಗಳೂ ಜಾಣರು. ಓದುವ ಜನ ಯಾವ ಭಾಷೆಯವರೋ ಆ ಭಾಷೆಯಲ್ಲೇ ಕೆತ್ತಿಸಿದರು.

ಶುಕ್ರವಾರ – ದೊಮ್ಮಲೂರು

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನಕ್ಕೆ ದಾರಿ ಕೇಳಿದರೆ ಸುತ್ತಲಿನ ಕಚೇರಿಗಳ ಹುಡುಗರಿಗೆ ಗೊತ್ತಾಗುವುದಿಲ್ಲ. ಹೂವು ಮಾರುವವಳನ್ನು ಕೇಳಬೇಕು. ಮೆಟ್ಟಿಲು ಹತ್ತಿದರೆ ಎತ್ತರದಲ್ಲಿ ಪುಟ್ಟ ವಿಷ್ಣುಗುಡಿ, ಬಾಗಿಲವಾಡದ ಮೇಲೆಯೂ ಅಕ್ಷರ. 1270ರಲ್ಲಿ ಆ ಬಾಗಿಲಿನ ಎರಡು ನಿಲುವುಗಳನ್ನು ಮಾಡಿಸಿಕೊಟ್ಟ ಭಕ್ತನ ಹೆಸರು ಅದರಲ್ಲಿದೆ. ಇನ್ನೊಂದು ಶಾಸನದಲ್ಲಿ ಗಂಡ ಹೆಂಡತಿ ಸೇರಿ ಜಲಪಳ್ಳಿ ಎಂಬ ಹಳ್ಳಿಯ ಮತ್ತು ಇಲ್ಲಿನ ಕೆರೆಯ ಹುಟ್ಟುವಳಿಯನ್ನು ದೇವರಿಗೆ ಬಿಟ್ಟಿದ್ದಾರೆ. ಆಗ ಈ ಭಾಗವನ್ನು ಆಳುತ್ತಿದ್ದವನು ಹೊಯ್ಸಳರ ವೀರ ರಾಮನಾಥ. ಅಪ್ಪ ಸೋಮೇಶ್ವರ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದಾಗ ರಾಜಧಾನಿ ದೋರಸಮುದ್ರ ನರಸಿಂಹನಿಗೆ ಹೋಯಿತು, ತಮಿಳು ಸೀಮೆ ಇವನ ಪಾಲಿಗೆ ಬಂದಿತು. ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿ ದೊಮ್ಮಲೂರು ಇವನ ಕಡೆ ಬಿದ್ದ ತುಂಡು.

ನಾನು ಬಂದದ್ದು ಆ ಶಾಸನಗಳಲ್ಲಿರುವ ಊರಿನ ಇನ್ನೊಂದು ಹೆಸರಿಗಾಗಿ: ದೇಸಿಮಾಣಿಕ್ಕಪಟ್ಟಣ. ಪಟ್ಟಣ ಎಂದರೆ ಸಂತೆ ನಡೆಸುವ ಹಕ್ಕಿದ್ದ ವರ್ತಕರ ಊರು. ದೇಸಿಗಳೆಂದರೆ ದೇಶ ತಿರುಗುವ ವರ್ತಕರು. ನಾನಾದೇಸಿಗಳು, ಅಯ್ಯಾವೊಳೆ ಐನೂರ್ವರು, ವೀರಬಣಂಜಿಗರು ಎಂದೆಲ್ಲ ಕರೆಸಿಕೊಂಡವರು ಇವರೇ. ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ತಮ್ಮ ತೌರೆಂದು ಹೇಳಿಕೊಳ್ಳುತ್ತಿದ್ದ ಈ ಸಂಘದ ಹೆಸರು ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಸಿಗುತ್ತದೆ. ನಮ್ಮ ಶಿಕಾರಿಪುರ ಸೀಮೆಯ 11ನೇ ಶತಮಾನದ ಶಾಸನವೊಂದು ಇವರನ್ನು ವರ್ಣಿಸುವ ಪರಿ ಓದಿದರೆ ನಗು ಬರುತ್ತದೆ, ಬೆರಗೂ ಆಗುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ, ಪಾರಸ ಎಂದು ತಿರುಗಿದ ದೇಶಗಳ ಪಟ್ಟಿ. ಆನೆ, ಕುದುರೆ, ಮುತ್ತು, ನೀಲಮಣಿ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ ಎಂದು ಸರಕಿನ ಪಟ್ಟಿ. ಹೊರುವುದಕ್ಕೆ ಕತ್ತೆ ಮತ್ತು ಕೋಣ. ರಾಜನ ಪ್ರಶಸ್ತಿಯ ಧಾಟಿಯಲ್ಲಿಯೇ ತಮ್ಮ ಪ್ರಶಸ್ತಿಯನ್ನು ತಾವೇ ಕೆತ್ತಿಸಿಕೊಂಡ ವರ್ತಕರು ಬೇರೆಲ್ಲಿದ್ದಾರೋ!

ಇವರ ಹೆಜ್ಜೆ ಎಲ್ಲೆಲ್ಲಿ ಮೂಡಿದೆ ಎಂಬುದನ್ನು ಅರ್ಚಕರಿಗೆ ಹೇಳತೊಡಗಿದೆ. ಅವರಿಗೆ ಮಂಗಳಾರತಿಯ ಅವಸರವೇನೂ ಇರಲಿಲ್ಲ, ನಾನೊಬ್ಬಳೇ ಇದ್ದೆ. ಸುಮಾತ್ರಾದ ಬಾರುಸ್ ಕರ್ಪೂರಕ್ಕೆ ಹೆಸರಾದ ಕರಾವಳಿ. ಅಲ್ಲಿ 1088ರ ತಮಿಳು ಶಾಸನವೊಂದು ಸಿಕ್ಕಿದೆ, ಅದರಲ್ಲಿ ಐನೂರ್ವರ ಹೆಸರಿದೆ. ಬರ್ಮಾದ ಪಗಾನ್‌ನಲ್ಲಿ ನಾನಾದೇಸಿಗಳ ಹೆಸರಿನ ವಿಷ್ಣುಗುಡಿ ಇತ್ತು. ಸಿಂಹಳದ ಪೊಲನ್ನರುವದಲ್ಲಿ ಬುದ್ಧನ ದಂತಧಾತುವಿನ ಮಂದಿರದ ಕಾವಲಿನ ವಿಷಯ ಹೇಳುವ ತಮಿಳು ಶಾಸನದಲ್ಲಿ ವರ್ತಕ ಸಂಘದವರೂ ಬರುತ್ತಾರೆ. ಚೀನಾದ ಚುವಾನ್‌ಜೌ ಬಂದರಿನಲ್ಲಿ 1281ರಲ್ಲಿ ತಮಿಳು ವರ್ತಕರು ಶಿವಾಲಯ ಕಟ್ಟಿ ತಮಿಳು ಮತ್ತು ಚೀನೀ ಅಕ್ಷರಗಳ ಶಾಸನ ಹಾಕಿಸಿದರು. ಚೀನಾವನ್ನು ಆಗ ಆಳುತ್ತಿದ್ದವನು ಮಂಗೋಲರ ಕುಬ್ಲಾಯ್ ಖಾನ್. ಇಲ್ಲಿ ರಾಮನಾಥ, ಅಲ್ಲಿ ಕುಬ್ಲಾಯ್. ಇಬ್ಬರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿದ್ದಿರಲಾರದು. ದಾನ ಬರೆಸಿ ದೇವರ ಮುಂದೆ ಕಲ್ಲು ನೆಡುವ ಕ್ರಮ ಮಾತ್ರ ಎರಡೂ ಕಡೆ ಒಂದೇ.

'ಅಲ್ಲಿಯೂ ನಿತ್ಯ ಪೂಜೆ ಇದೆಯೇ ಅಮ್ಮ?' ಎಂದರು ಅರ್ಚಕರು.

ಇಲ್ಲ, ಕಲ್ಲುಗಳಷ್ಟೇ ಉಳಿದಿವೆ ಎಂದೆ. ಅವರು ತಲೆಯಾಡಿಸಿ ತೀರ್ಥ ಕೊಟ್ಟರು.

ಇಲ್ಲಿ ನನ್ನದೊಂದು ಅಭಿಪ್ರಾಯವನ್ನು ಬರೆದುಬಿಡುತ್ತೇನೆ. ಈ ವರ್ತಕರು ಬೌದ್ಧರ ಊರಿನಲ್ಲಿ ಬೌದ್ಧ ಮಂದಿರ ಕಾದದ್ದು, ತಮ್ಮೂರಿನಲ್ಲಿ ಬಸದಿಗೂ ಶಿವಾಲಯಕ್ಕೂ ದತ್ತಿ ಬಿಟ್ಟದ್ದು ಉದಾರತೆಯಿಂದಲೇ ಎಂದು ಹಾಡಿ ಹೊಗಳುವವರಿದ್ದಾರೆ. ಉದಾರತೆ ಇದ್ದೀತು. ಆದರೆ ಗುರುತಿಲ್ಲದ ಊರಿನಲ್ಲಿ ಸರಕು ಇಳಿಸುವವನಿಗೆ ಒಂದು ಜಗಲಿ ಬೇಕು, ಮಾತಿಗೆ ತಪ್ಪಿದರೆ ನ್ಯಾಯ ಹೇಳುವ ನಾಲ್ಕು ಜನ ಬೇಕು, ಹಣ ಇಡುವುದಕ್ಕೆ ಕಳ್ಳರು ಮುಟ್ಟಲು ಹೆದರುವ ಜಾಗ ಬೇಕು. ದೇವಸ್ಥಾನ ಈ ಮೂರನ್ನೂ ಕೊಡುತ್ತಿತ್ತು. ಅರಬ್ಬಿ ವರ್ತಕರಿಗೆ ಕರಾವಳಿಯ ಮಸೀದಿಗಳು ಕೊಟ್ಟದ್ದೂ ಅದನ್ನೇ.

ಹಲಸೂರಿನ ಸೋಮೇಶ್ವರಕ್ಕೂ ಹೋದೆ. ಕಂಬಗಳು ಚೆಲುವಾಗಿವೆ. ಮದುವೆಯೊಂದು ನಡೆಯುತ್ತಿದ್ದುದರಿಂದ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಶನಿವಾರ – ಪೇಟೆ, ಕೋಟೆ

ಅಳಿಯನಿಗೆ ರಜೆ, ನನಗೆ ಜೊತೆ. ಚಿಕ್ಕಪೇಟೆಯ ಮೆಟ್ರೊ ನಿಲ್ದಾಣದಿಂದ ಮೇಲೆ ಬರುತ್ತಿದ್ದಂತೆ ಒಂದು ತಳ್ಳುಗಾಡಿ ನಮ್ಮಿಬ್ಬರನ್ನೂ ಗೋಡೆಗೆ ಒತ್ತಿತು.

'ಇಲ್ಲಿ ನೋಡುವುದಕ್ಕೆ ಏನಿದೆ ಅತ್ತೆ? ಬರೀ ಅಂಗಡಿಗಳು.'

'ಅಂಗಡಿಗಳನ್ನೇ ನೋಡಬೇಕಾಗಿರುವುದು, ನಡೆ.'

ದೊಡ್ಡಪೇಟೆ ಈಗ ಅವೆನ್ಯೂ ರಸ್ತೆ. ಅದು ಚಿಕ್ಕಪೇಟೆಯ ಬೀದಿಯನ್ನು ಕತ್ತರಿಸುವ ಕಡೆ ನಿಂತೆವು. 1537ರಲ್ಲಿ ಕೆಂಪೇಗೌಡರು ಇಲ್ಲಿಂದಲೇ ನಾಲ್ಕು ದಿಕ್ಕಿಗೂ ನೇಗಿಲು ಕಟ್ಟಿದ ಎತ್ತುಗಳನ್ನು ಹೂಡಿಸಿ ಬೀದಿಗಳ ಗೆರೆ ಹಾಕಿಸಿದರು ಎಂಬುದು ಪ್ರತೀತಿ. ವಿಜಯನಗರದಲ್ಲಿ ಆಗ ಅಚ್ಯುತರಾಯನ ಆಳ್ವಿಕೆ. ಪೇಟೆಗಳ ಹೆಸರನ್ನು ಓದುತ್ತ ಹೋದರೆ ಊರಿನ ಹೊಟ್ಟೆಬಟ್ಟೆಯೆಲ್ಲ ಮುಗಿಯುತ್ತದೆ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಅರಳೆಪೇಟೆ, ಬಳೆಪೇಟೆ, ಉಪ್ಪಾರಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ. ಗೌಡರು ತಮ್ಮದೇ ನಾಣ್ಯ ಅಚ್ಚು ಹಾಕಿಸಿದ್ದಕ್ಕೆ ಕೋಪಗೊಂಡ ವಿಜಯನಗರದವರು ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟರೆಂದು ಕಥೆಯಿದೆ. ನನಗೆ ಆ ಕೋಪ ಅರ್ಥವಾಗುತ್ತದೆ. ಗುಡಿ ಕಟ್ಟಿಕೋ, ಕೆರೆ ಕಟ್ಟಿಕೋ, ಕೋಟೆಯನ್ನೂ ಕಟ್ಟಿಕೋ. ನಾಣ್ಯಕ್ಕೆ ಮಾತ್ರ ಕೈ ಹಾಕಬೇಡ.

ವಿಜಯನಗರದ ಹಣ ಹೋಗುತ್ತಿದ್ದ ದಾರಿಗಳಲ್ಲಿ ದೊಡ್ಡದು ಕುದುರೆ. ದಖ್ಖನದ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುವುದು ಕಷ್ಟ. ಅರಬ್ಬಿ ಮತ್ತು ಪಾರಸಿ ಕುದುರೆಗಳು ಹೊರ್ಮುಜ್‌ನಿಂದ ಹಡಗೇರಿ ಬರುತ್ತಿದ್ದವು. ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸ್ವಂತ ವ್ಯಾಪಾರದ ಅಂಕಿಯನ್ನು ವ್ಯಾಪಾರಿಯೇ ಹೇಳುವಾಗ ಸ್ವಲ್ಪ ಕಡಿಮೆ ಮಾಡಿಯೇ ನಂಬಬೇಕು. ಆದರೂ ಅಂದಾಜು ಸಿಗುತ್ತದೆ. 1510ರಲ್ಲಿ ಗೋವಾ, 1515ರಲ್ಲಿ ಹೊರ್ಮುಜ್ ಪೋರ್ಚುಗೀಸರ ಪಾಲಾದ ಮೇಲೆ ಕುದುರೆಯ ಎರಡೂ ಬಾಗಿಲು ಒಬ್ಬರ ಕೈಯಲ್ಲಿ. ಬಿಜಾಪುರದ ಸುಲ್ತಾನನಿಗೂ ವಿಜಯನಗರದ ರಾಯನಿಗೂ ಕುದುರೆ ಮಾರುವವನು ಶಿಲುಬೆ ಹಿಡಿದ ಮೂರನೆಯವನು. ಆ ಕಾಲದ ಯುದ್ಧಗಳನ್ನು ಧರ್ಮಯುದ್ಧವೆಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವವರು ಈ ಕುದುರೆ ಲಾಯಕ್ಕೆ ಒಮ್ಮೆ ಇಣುಕಬೇಕು.

1565ರಲ್ಲಿ ರಕ್ಕಸಗಿ ತಂಗಡಗಿಯ ಕಾಳಗ ಮುಗಿದು ಹಂಪಿ ಹಾಳಾಯಿತು. ಇಲ್ಲಿ ಬೀದಿ ಕಟ್ಟಿದವರ ವಂಶದ ಆಳ್ವಿಕೆ ಮಾತ್ರ ಬೆಂಗಳೂರಿನಲ್ಲಿ 1638ರವರೆಗೆ ಉಳಿಯಿತು. ಆ ವರ್ಷ ಬಿಜಾಪುರದ ರಣದುಲ್ಲಾ ಖಾನ್ ಬಂದ, ಜೊತೆಗಿದ್ದ ಶಹಾಜಿ ಭೋಂಸ್ಲೆಗೆ ಬೆಂಗಳೂರು ಜಹಗೀರಾಯಿತು. ಮುಂದೆ ಶಹಾಜಿಯ ಮಗ ಏಕೋಜಿ ತಂಜಾವೂರು ಹಿಡಿದು ಅಲ್ಲಿಯೇ ನೆಲೆಸಿದ ಮೇಲೆ ಈ ಊರು ಅವನಿಗೆ ಭಾರವಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷಕ್ಕೆ ಮಾರುವ ಮಾತುಕತೆ ನಡೆಯಿತು. ಅಷ್ಟರಲ್ಲಿ, 1687ರಲ್ಲಿ, ಔರಂಗಜೇಬನ ಸರದಾರ ಖಾಸಿಂ ಖಾನ್ ಬಂದು ಊರನ್ನು ಹಿಡಿದುಬಿಟ್ಟ. ಆಮೇಲೆ ಆಗಿದ್ದೇನು? ಅದೇ ಮೂರು ಲಕ್ಷಕ್ಕೆ ಅದೇ ಒಡೆಯರಿಗೆ ಮೊಘಲರು ಮಾರಿದರು.

'ಅಂದರೆ ದಲ್ಲಾಳಿ ಬದಲಾದ, ರೇಟು ಬದಲಾಗಲಿಲ್ಲ' ಎಂದ ಅಳಿಯ. ನನ್ನ ವಿದ್ಯಾರ್ಥಿಯಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ತಾರಾಮಂಡಲಪೇಟೆಯ ಸಂಗೀನ್ ಜಾಮಿಯಾ ಮಸೀದಿಯನ್ನು ಮೊಘಲರ ಕಿಲ್ಲೇದಾರ ಕಟ್ಟಿಸಿದ್ದೆಂದು ಹೇಳುತ್ತಾರೆ, 19ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಕೋಟೆ ವೆಂಕಟರಮಣ ದೇವಸ್ಥಾನ ಚಿಕ್ಕದೇವರಾಜರದು, ಅದರ ಮಗ್ಗುಲಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಅರಮನೆಯ ತೇಗದ ಕಂಬಗಳ ಕೆಳಗೆ ತಂಪಾಗಿ ಕುಳಿತು ಅಳಿಯನಿಗೆ ಟಿಪ್ಪುವಿನ ರಾಯಭಾರದ ಕಥೆ ಹೇಳಿದೆ. 1786ರಲ್ಲಿ ಅವನು ಇಸ್ತಾಂಬುಲ್‌ನ ಒಟ್ಟೊಮನ್ ಸುಲ್ತಾನನ ಬಳಿಗೆ ನೂರಾರು ಜನರನ್ನು ಕಳುಹಿಸಿದ. ಖಲೀಫನ ಮಾನ್ಯತೆ ಬೇಕಿತ್ತು, ಇಂಗ್ಲಿಷರ ವಿರುದ್ಧ ಬೆಂಬಲ ಬೇಕಿತ್ತು. ಅದರೊಂದಿಗೆ ಹಡಗುಗಳಲ್ಲಿ ಮೆಣಸು, ಏಲಕ್ಕಿ, ಗಂಧ ತುಂಬಿ ಕಳುಹಿಸಿದ್ದ, ದಾರಿಯಲ್ಲಿ ಮಾರಿ ಖರ್ಚು ತೂಗಿಸಲಿ ಎಂದು. ಬಸ್ರಾ ಬಂದರನ್ನೂ ಕೇಳಿದ, ಬದಲಿಗೆ ಮಂಗಳೂರು ಕೊಡುವೆನೆಂದ. ಬಂದರು ಸಿಗಲಿಲ್ಲ. ಮಸ್ಕತ್‌ನಲ್ಲಿ ಮಾತ್ರ ಮೈಸೂರಿನ ವ್ಯಾಪಾರದ ಕೋಠಿ ನಡೆಯುತ್ತಿತ್ತು. ಖಲೀಫನಿಗೆ ಹೀಗೆ ಬರೆದವನೇ 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ದೋಚಿದಾಗ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿ ಹಣವನ್ನೂ ಕಳುಹಿಸಿದ.

ಅದೇ 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಗೆ ನುಗ್ಗಿತು, 21ರ ರಾತ್ರಿ ಕೋಟೆ ಬಿದ್ದಿತು. ಆದರೆ ಶ್ರೀರಂಗಪಟ್ಟಣದವರೆಗೆ ಹೋದ ಅವನು ಮೇ ತಿಂಗಳಿನಲ್ಲಿ ಫಿರಂಗಿಗಳನ್ನು ನಾಶಮಾಡಿ ಹಿಂದಿರುಗಬೇಕಾಯಿತು. ಎತ್ತುಗಳು ಸತ್ತಿದ್ದವು, ದವಸವಿರಲಿಲ್ಲ. ಲಂಬಾಣಿಗರ ಹೇರೆತ್ತುಗಳು ಬಂದರೆ ಸೈನ್ಯಕ್ಕೆ ಊಟ, ಇಲ್ಲದಿದ್ದರೆ ಉಪವಾಸ. ಮೊಘಲರಿಗೂ ಕಂಪನಿಯವರಿಗೂ ಅಕ್ಕಿ ಹೊತ್ತವರು ಅವರೇ. ಸಾಮ್ರಾಜ್ಯಗಳ ಪಾಠದಲ್ಲಿ ಅವರ ಹೆಸರು ನನ್ನ ಕಣ್ಣಿಗೆ ಬಿದ್ದಿಲ್ಲ.

1800ರಲ್ಲಿ ಕಂಪನಿಯ ಪರವಾಗಿ ಬಂದ ಬುಕನನ್ ಈ ಪೇಟೆಯ ವರ್ತಕರನ್ನು ಕೂರಿಸಿಕೊಂಡು ವಿಚಾರಿಸಿದ. ಆರ್ಕಾಟ್ ಮತ್ತು ಹೈದರಾಬಾದ್ ಸೀಮೆಗಳೊಂದಿಗೆ ವ್ಯಾಪಾರವನ್ನು ಟಿಪ್ಪು ನಿಷೇಧಿಸಿದ್ದೂ, ಸರ್ಕಾರದ ಸರಕನ್ನು ಹೆಚ್ಚಿನ ಬೆಲೆಗೆ ಬಲವಂತವಾಗಿ ಹೊರಿಸಿದ್ದೂ ಪೇಟೆಯನ್ನು ಕೆಡಿಸಿದವು ಎಂದು ಬರೆದ. ಗೆದ್ದವರ ಕಡೆಯ ಬರಹವೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು. ಆದರೆ ವರ್ತಕರ ಗೋಳು ಸುಳ್ಳೆಂದು ನನಗೆ ಅನಿಸುವುದಿಲ್ಲ. ನಗರ್ತಪೇಟೆಯ ಬಟ್ಟೆ ಅಂಗಡಿಯ ಯಜಮಾನರೊಬ್ಬರು ನನಗೆ ಸೀರೆ ತೋರಿಸುತ್ತ ತೆರಿಗೆಯ ಬಗ್ಗೆ ಆಡಿದ ಮಾತುಗಳ ಧಾಟಿಯೂ ಹೆಚ್ಚು ಬೇರೆಯಾಗಿರಲಿಲ್ಲ. ಸೀರೆ ಕೊಂಡೆ. ಬೆಲೆಯನ್ನು ಅಳಿಯನ ತಾಯಿಗೆ ಹೇಳಲಿಲ್ಲ.

ಭಾನುವಾರ – ಮನೆ, ಕಾಟನ್‌ಪೇಟೆ

ಬೆಳಗ್ಗೆಯಿಡೀ ಜಿಟಿಜಿಟಿ ಮಳೆ. ಕಾಫಿಯ ಮೇಲೆ ಕಾಫಿ. ಯೆಮನ್‌ನ ಮೋಖಾದಿಂದ ಹಸಿ ಬೀಜ ಹೊರಹೋಗದಂತೆ ಕಾವಲಿದ್ದ ಕಾಲದಲ್ಲಿ, 17ನೇ ಶತಮಾನದಲ್ಲಿ, ಹಜ್ ಮುಗಿಸಿ ಬಂದ ಬಾಬಾ ಬುಡನ್ ಏಳು ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದರೆಂಬ ಕಥೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಭಾಗ ಅಷ್ಟಾಗಿ ಗೊತ್ತಿಲ್ಲ. 1690ರ ದಶಕದಲ್ಲಿ ಡಚ್ಚರು ಮಲಬಾರಿನಿಂದಲೇ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಅಲ್ಲಿಗೆ ಯೆಮನ್‌ನ ಏಕಸ್ವಾಮ್ಯ ಸಡಿಲಾಯಿತು.

ಸಂಜೆ ಮಳೆ ನಿಂತ ಮೇಲೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋದೆವು. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಇಲ್ಲಿಗೆ ಬಂದು ಹೋಗುತ್ತದೆ. ದ್ರೌಪದಿಯ ಕರಗ, ಸೂಫಿಯ ದರ್ಗಾ. ಸುತ್ತ ಅರಳೆಯ, ಬಟ್ಟೆಯ ಮಂಡಿಗಳು. ನನಗೆ ಕಾಣುವ ಮಟ್ಟಿಗೆ ಇದರಲ್ಲಿ ಭಾಷಣಕ್ಕೆ ಒದಗುವಂಥ ಸಾಮರಸ್ಯಕ್ಕಿಂತ ಬೀದಿಯ ನೆರೆಹೊರೆ ಹೆಚ್ಚು. ನೆರೆಯವರ ಜಗಲಿಗೆ ಹೋಗದೆ ಉತ್ಸವ ಮುಗಿಸುವುದು ಚೆನ್ನಾಗಿರುವುದಿಲ್ಲ.

ಸೋಮವಾರ – ಬಸವನಗುಡಿ

ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆಯುವುದೆಂದರೆ ಸಿಪ್ಪೆಯ ಮೇಲೆ ನಡೆಯುವುದು. ಹಸಿಕಾಯಿ, ಹುರಿದದ್ದು, ಬೇಯಿಸಿದ್ದು. ಎರಡು ಬೀಜದ್ದು, ಮೂರು ಬೀಜದ್ದು. ದೊಡ್ಡ ಬಸವನಿಗೆ ಕಡಲೆಕಾಯಿಯ ಅಭಿಷೇಕ. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ದಾಸರಹಳ್ಳಿಯ ರೈತರ ಹೊಲಕ್ಕೆ ರಾತ್ರಿ ಬಸವನೊಬ್ಬ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ, ಅಟ್ಟಿಸಿಕೊಂಡು ಹೋದರೆ ಕಲ್ಲಾಗಿ ಕುಳಿತ, ಕೆಂಪೇಗೌಡರು ಗುಡಿ ಕಟ್ಟಿಸಿದರು, ಅಂದಿನಿಂದ ಮೊದಲ ಫಸಲು ಅವನಿಗೆ. ಕಥೆ ಇಷ್ಟು.

ಅಡ್ಡಿಯೊಂದಿದೆ. ಕಡಲೆಕಾಯಿಯ ತೌರು ದಕ್ಷಿಣ ಅಮೆರಿಕ. ಅದು ಸಮುದ್ರ ದಾಟಲು ಹಡಗು ಬೇಕಿತ್ತು. 1500ರ ಏಪ್ರಿಲ್‌ನಲ್ಲಿ ಬ್ರೆಜಿಲ್‌ನ ತೀರ ಮುಟ್ಟಿದ ಕಬ್ರಾಲ್‌ನ ಪೋರ್ಚುಗೀಸ್ ಹಡಗುಗಳು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಲ್ಲಿಕೋಟೆಗೆ ಬಂದವು. ದಾರಿ ತೆರೆದದ್ದು ಹಾಗೆ. ಮೆಣಸಿನಕಾಯಿ, ಗೋಡಂಬಿ, ಅನಾನಸು, ಹೊಗೆಸೊಪ್ಪು ಎಲ್ಲ ಆ ಜಾಲದಲ್ಲೇ ಬಂದವು. ಬಂದದ್ದೆಲ್ಲ ಒಂದೇ ವೇಗದಲ್ಲಿ ಹರಡಲಿಲ್ಲ. ಮೆಣಸಿನಕಾಯಿ ಬೇಗ ಹಬ್ಬಿ ಬಡವರ ಅಡುಗೆಯಲ್ಲಿ ಕಾಳುಮೆಣಸಿನ ಜಾಗಕ್ಕೆ ಬಂದು ಕುಳಿತಿತು. ಕಡಲೆಕಾಯಿ ದಕ್ಷಿಣದಲ್ಲಿ ದೊಡ್ಡ ಬೆಳೆಯಾದದ್ದು 19ನೇ ಶತಮಾನದಲ್ಲಿ, ಎಣ್ಣೆಗೆ ಯೂರೋಪಿನಿಂದ ಬೇಡಿಕೆ ಬಂದ ಮೇಲೆ. ಕೆಂಪೇಗೌಡರ ಕಾಲದಲ್ಲಿ ಈ ದಿಣ್ಣೆಯ ಮೇಲೆ ಊರುಗಟ್ಟಲೆ ಕಡಲೆಕಾಯಿ ಹೊಲ ಇತ್ತೆಂದು ನಂಬುವುದು ನನ್ನಿಂದಾಗುವುದಿಲ್ಲ. ಬಸವನ ಕಥೆ ಹಳೆಯದಿರಬಹುದು, ಅವನ ಬಾಯಿಗೆ ಬೆಳೆ ಆಮೇಲೆ ಬಂದಿತು. ಹೊಸ ಬೆಳೆ ಕೈಹಿಡಿದಾಗ ಮೊದಲ ಹಿಡಿ ಹಳೆಯ ದೇವರಿಗೆ ಸಲ್ಲುವುದು ರೈತರ ರೀತಿ.

ಇದನ್ನೆಲ್ಲ ಅಳಿಯನಿಗೆ ವಿವರಿಸುತ್ತ ಒಂದು ರಾಶಿಯ ಮುಂದೆ ನಿಂತಿದ್ದೆ. ಮಾರುತ್ತಿದ್ದ ಹೆಂಗಸು ಧರ್ಮಪುರಿ ಕಡೆಯವಳು, ತಮಿಳು ಬೆರೆತ ಕನ್ನಡ. ಶನಿವಾರವೇ ಲಾರಿಯಲ್ಲಿ ಮೂಟೆಗಳೊಂದಿಗೆ ಬಂದು ಇಲ್ಲೇ ಮಲಗಿದ್ದಾಳೆ. ತೂಕ ಬೇಡ, ಸೇರಿನ ಅಳತೆಯೇ ಬೇಕು ಎಂದು ನಾನು ಹಟ ಹಿಡಿದೆ. ಅವಳು ಸೇರು ತುಂಬಿ, ಮೇಲೆ ಗೋಪುರದಂತೆ ಏರಿಸಿ, ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಲೇ ಇದ್ದಳು.

'ಹಾಗಾದರೆ ಆಗ ಬಸವ ತಿಂದದ್ದು ಏನನ್ನು ಅತ್ತೆ?' ಎಂದು ಅಳಿಯ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: 'ಕಡಲೆಕಾಯಿ ಇಲ್ಲದಿದ್ದರೆ ಅವರೆಕಾಯಿ ತಿಂದಿರುತ್ತಾನೆ, ಬಿಡಿ ಅಮ್ಮ. ನಿಮಗೆ ಹುರಿದದ್ದು ಕೊಡಲೋ ಹಸಿಯದೋ?'

ಹಸಿಯದು ಎರಡು ಸೇರು, ಹುರಿದದ್ದು ಒಂದು ಸೇರು.